ಹೆರಗನಹಳ್ಳಿಯಿಂದ ಜಾನಪದ ಲೋಕದವರೆಗೆ: ಹಾಡಿದವರ ಹೆಸರು ಉಳಿಸಿದ ನಮ್ಮ ತಾಲ್ಲೂಕಿನ ನಾಗೇಗೌಡರು

ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ರಸ್ತೆ ಪಕ್ಕದಲ್ಲೇ ಜಾನಪದ ಲೋಕ ಸಿಗುತ್ತೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದವರು ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದಲಾದರೂ ಅದನ್ನ ನೋಡಿರ್ತಾರೆ. ಎಕ್ಸ್‌ಪ್ರೆಸ್‌ವೇ ಆದಮೇಲೆ ಅದೂ ಕಮ್ಮಿ ಆಯ್ತು. ಗಾಡಿಗಳೆಲ್ಲ ಬೈಪಾಸ್ ಹಿಡಿದು ಹೋಗ್ತವೆ, ಹಳೇ ರಸ್ತೆಯ ಅಂಗಡಿ, ಹೋಟೆಲ್‌ನವರ ಪಾಡು ಎಲ್ಲರಿಗೂ ಗೊತ್ತಿರೋದೇ.

ಇನ್ನು ನಾಗಮಂಗಲದವರ ಮಾತು ಬೇರೆ. ನಾವು ಬೆಂಗಳೂರಿಗೆ ಹೋಗೋದೇ ಬೆಳ್ಳೂರು ಕ್ರಾಸ್, ಕುಣಿಗಲ್ ಮೇಲೆ. ಹಂಗಾಗಿ ನಮ್ಮ ತಾಲ್ಲೂಕಿನ ಎಷ್ಟೋ ಜನ ಆ ಜಾಗದ ಮುಂದೆ ಒಂದು ಸಲವೂ ಹಾದು ಹೋಗಿಲ್ಲ. ಆದರೆ ಅದನ್ನ ಕಟ್ಟಿದ ಮನುಷ್ಯ ಹುಟ್ಟಿದ್ದು ಇಲ್ಲೇ, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ಹೆಸರು ಎಚ್.ಎಲ್. ನಾಗೇಗೌಡ.

ಸರ್ಕಾರಿ ಪರೀಕ್ಷೆಗೆ ಓದುವ ಹುಡುಗರು ಈ ಹೆಸರನ್ನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲಾಗಿ ಓದಿರ್ತಾರೆ. ಜಾನಪದ ಲೋಕದ ಸ್ಥಾಪಕರು ಯಾರು ಅನ್ನೋ ಪ್ರಶ್ನೆಗೆ ಒಂದು ಅಂಕದ ಉತ್ತರ, ಅಷ್ಟೇ. ಆ ಒಂದು ಅಂಕದ ಹಿಂದೆ 90 ವರ್ಷದ ಬದುಕಿದೆ. ಅದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

ಮಳೆ ನಂಬಿದ ಸೀಮೆಯ ಹುಡುಗ

ನಾಗೇಗೌಡರು ಹುಟ್ಟಿದ್ದು 1915ರ ಫೆಬ್ರವರಿ 11ರಂದು. ಆಗ ಮಂಡ್ಯ ಜಿಲ್ಲೆ ಅನ್ನೋದೇ ಇರಲಿಲ್ಲ. ಜಿಲ್ಲೆ ಆಗಿದ್ದು 1939ರಲ್ಲಿ, ಅಲ್ಲಿವರೆಗೆ ನಾಗಮಂಗಲ ಮೈಸೂರು ಜಿಲ್ಲೆಗೆ ಸೇರಿತ್ತು. ಮಂಡ್ಯ ಅಂದರೆ ಹೊರಗಿನವರಿಗೆ ಈಗಲೂ ಕಬ್ಬು, ಭತ್ತ, ನಾಲೆ ನೀರು. ನಾಗಮಂಗಲದ್ದು ಬೇರೆ ಕತೆ. ಇಲ್ಲಿ ರಾಗಿ, ಹುರುಳಿ, ಅವರೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಆಕಾಶ ನೋಡೋದು.

ಅಂಥ ಊರುಗಳಲ್ಲಿ ಆಗ ಹಾಡು ಅನ್ನೋದು ವೇದಿಕೆ ಮೇಲಿನ ಕಾರ್ಯಕ್ರಮ ಆಗಿರಲಿಲ್ಲ, ಕೆಲಸದ ಜೊತೆಗೇ ಇತ್ತು. ಬೆಳಗಿನ ಜಾವ ಎದ್ದು ಹೆಂಗಸರು ರಾಗಿ ಬೀಸೋಕೆ ಕೂತರೆ ಕಲ್ಲಿನ ಜೊತೆ ಪದ ಶುರು. ಕಳೆ ಕೀಳುವಾಗ ಒಂದು, ಕಣದಲ್ಲಿ ರಾಶಿ ಹಾಕುವಾಗ ಇನ್ನೊಂದು. ಮದುವೆ ಮನೆಯಲ್ಲಿ ಹೆಣ್ಣಿಗೆ ಎಣ್ಣೆ ಇಡುವುದರಿಂದ ಹಿಡಿದು ಗಂಡನ ಮನೆಗೆ ಕಳಿಸುವ ತನಕ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸೋಬಾನೆ. ಹಬ್ಬ ಬಂದರೆ ಸೋಮನ ಕುಣಿತ, ರಂಗದ ಕುಣಿತ, ಕೋಲಾಟ. ಮಾದಪ್ಪನ ಕತೆ ಹೇಳೋಕೆ ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿ ಕತೆಗೆ ತಂಬೂರಿ ಹಿಡಿದ ನೀಲಗಾರರು. ಇವರು ರಾತ್ರಿ ಇಡೀ ಕೂತು ಹಾಡಿದರೂ ಕತೆ ಮುಗಿಯುತ್ತಿರಲಿಲ್ಲ.

ಹೆಳವರೂ ಬರೋರು. ಎತ್ತಿನ ಮೇಲೆ ಊರಿಗೆ ಬಂದು ಮನೆತನದ ವಂಶಾವಳಿ ಹೇಳೋದು ಅವರ ಕಸುಬು. ಈ ಮನೆಯ ಮೂಲ ಎಲ್ಲಿ, ಮೂಲಪುರುಷ ಯಾರು, ಯಾವ ಊರಿಂದ ಯಾಕೆ ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು, ಇದೆಲ್ಲ ಅವರ ಬಾಯಲ್ಲಿ. ಈಗ ತಾಲ್ಲೂಕು ಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕ್ತೀವಲ್ಲ, ಆಗಿನ ಕಾಲಕ್ಕೆ ಆ ಕೆಲಸವನ್ನ ನೆನಪಿನಿಂದಲೇ ಮಾಡ್ತಿದ್ದವರು ಇವರು. ಕೊಟ್ಟ ದವಸ ತಗೊಂಡು ಮುಂದಿನ ಊರಿಗೆ ಹೋಗೋರು.

ಇದು ಯಾವುದನ್ನೂ ಆಗ ಯಾರೂ ಸಾಹಿತ್ಯ ಅಂತ ಕರೀತಿರಲಿಲ್ಲ. ಉಳಿಸಬೇಕು ಅನ್ನೋ ಯೋಚನೆಯೂ ಇರಲಿಲ್ಲ. ಉಪ್ಪು, ರಾಗಿ ಥರ ಮನೆಯಲ್ಲಿ ಇದ್ದೇ ಇರುತ್ತೆ ಅನ್ನೋ ಲೆಕ್ಕ.

ಓದು, ನೌಕರಿ, ಸಾಹೇಬ್ರು

ನಾಗೇಗೌಡರು ವಿಜ್ಞಾನದಲ್ಲಿ ಪದವಿ ಮಾಡಿದರು, ಆಮೇಲೆ ಕಾನೂನು ಓದಿದರು. 1930ರ ದಶಕದಲ್ಲಿ ನಾಗಮಂಗಲದ ಒಂದು ಹಳ್ಳಿಯ ರೈತರ ಮನೆ ಹುಡುಗ ಎರಡು ಪದವಿ ತಗೊಳ್ಳೋದು ಸಣ್ಣ ಮಾತಲ್ಲ. ಊರಲ್ಲಿ ಓದು ಬರಹ ಬಲ್ಲವರನ್ನೇ ಬೆರಳಲ್ಲಿ ಎಣಿಸುವ ಕಾಲ ಅದು. ಮುಂದೆ ಮೈಸೂರು ಸಿವಿಲ್ ಸರ್ವೀಸ್‌ಗೆ ಆಯ್ಕೆಯಾದರು. ಒಂದೊಂದೇ ಮೆಟ್ಟಿಲು ಹತ್ತುತ್ತಾ ಐಎಎಸ್‌ವರೆಗೆ ಹೋದರು.

ಇಲ್ಲಿಗೆ ನಿಂತಿದ್ದರೂ ಊರಿಗೆ ಸಾಕಾಗೋಷ್ಟು ಹೆಸರು ಬಂದಿರೋದು. ನಮ್ಮೂರಿನ ಹುಡುಗ ದೊಡ್ಡ ಸಾಹೇಬ ಆದ ಅನ್ನೋದೇ ಹಳ್ಳಿಗೆ ಒಂದು ಹೆಮ್ಮೆ. ಹಾಗೆ ಸಾಹೇಬರಾದ ಎಷ್ಟೋ ಜನ ಊರಿನ ಮಾತು, ಊರಿನ ಹಾಡು ಎರಡನ್ನೂ ಬಿಟ್ಟು ಮೇಲಕ್ಕೆ ಹೋದರು. ಬಿಡಬೇಕು ಅಂತ ಬಿಟ್ಟಿದ್ದಲ್ಲ, ಇಂಗ್ಲಿಷ್ ಫೈಲು, ಕ್ವಾರ್ಟರ್ಸು, ವರ್ಗಾವಣೆ ಇದರ ಮಧ್ಯೆ ತಾನಾಗೇ ಬಿಟ್ಟುಹೋಗುತ್ತೆ.

ನಾಗೇಗೌಡರ ವಿಷಯದಲ್ಲಿ ಹಂಗಾಗಲಿಲ್ಲ. ನೌಕರಿಯಲ್ಲಿದ್ದುಕೊಂಡೇ ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದರು. ನನ್ನೂರು, ದೊಡ್ಡಮನೆ ಅನ್ನುವ ಅವರ ಪುಸ್ತಕಗಳ ಹೆಸರು ನೋಡಿದರೇ ಮನಸ್ಸು ಎಲ್ಲಿತ್ತು ಅಂತ ತಿಳಿಯುತ್ತೆ. ಕುರ್ಚಿ ಕಚೇರಿಯಲ್ಲಿ, ಬರಹ ಹಳ್ಳಿಯಲ್ಲಿ.

ಹೊರಗಿನವರು ಬರೆದದ್ದು ಎಂಟು ಸಂಪುಟ

ಅವರ ಬರಹದಲ್ಲಿ ದೊಡ್ಡ ಕೆಲಸ ಅಂತ ಎಲ್ಲರೂ ಹೇಳೋದು ಪ್ರವಾಸಿ ಕಂಡ ಇಂಡಿಯಾ. ಬೇರೆ ಬೇರೆ ಕಾಲದಲ್ಲಿ ಹೊರದೇಶಗಳಿಂದ ನಮ್ಮ ದೇಶಕ್ಕೆ ಬಂದ ಪ್ರವಾಸಿಗಳು ಬರೆದಿಟ್ಟ ವಿವರಗಳನ್ನ ಹುಡುಕಿ ಕನ್ನಡಕ್ಕೆ ತಂದರು. ಒಂದೆರಡು ಪುಸ್ತಕ ಅಲ್ಲ, ಎಂಟು ಸಂಪುಟ. ಒಬ್ಬ ಸರ್ಕಾರಿ ಅಧಿಕಾರಿ ದಿನದ ಕೆಲಸ ಮುಗಿಸಿಕೊಂಡು ಇದನ್ನ ಮಾಡಬೇಕಾದರೆ ಎಷ್ಟು ರಾತ್ರಿ ದೀಪ ಉರಿದಿರಬೇಕು, ಲೆಕ್ಕ ಹಾಕಿ.

ಈ ಎಂಟು ಸಂಪುಟವನ್ನೂ ಅವರು ಆಮೇಲೆ ಮಾಡಿದ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತೆ. ನೂರಾರು ವರ್ಷದ ಹಿಂದೆ ಬಂದು ಹೋದ ಹೊರಗಿನವನು ನಮ್ಮ ಬಜಾರು ಹೆಂಗಿತ್ತು, ಜನ ಏನು ಉಡ್ತಿದ್ದರು, ಏನು ತಿಂತಿದ್ದರು ಅಂತ ಬರೆದಿಟ್ಟ. ಬರೆದಿಟ್ಟ ಕಾರಣಕ್ಕೆ ಅದು ಉಳೀತು, ಚರಿತ್ರೆ ಆಯ್ತು. ಅದೇ ಬಜಾರಿನಲ್ಲಿ ಸೊಪ್ಪು ಮಾರಿದ ಹೆಂಗಸು, ಗಾಡಿ ಹೊಡೆದ ಗಂಡಸು, ಅವರು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದು ಎಲ್ಲಿ? ಅವರಿಗೆ ಅಕ್ಷರ ಇರಲಿಲ್ಲ. ಅವರು ಹೇಳಿದ್ದು ಪದದಲ್ಲಿ, ಗಾದೆಯಲ್ಲಿ, ಒಗಟಿನಲ್ಲಿ, ಕತೆಯಲ್ಲಿ. ಬರೆದವನದು ಗ್ರಂಥಾಲಯ ಸೇರಿತು. ಹಾಡಿದವರದು ಅವರ ಜೊತೆಗೇ ಮಣ್ಣಿಗೆ ಹೋಯ್ತು.

ಹೊರಗಿನವರ ಮಾತನ್ನ ಎಂಟು ಸಂಪುಟ ಮಾಡಿದ ಮನುಷ್ಯ ಒಳಗಿನವರ ಬಾಯಿಮಾತಿನ ಕಡೆಗೂ ತಿರುಗಿದರು. ಕೊನೆಗೆ ಬದುಕಿನ ಅರ್ಧ ಭಾಗ ಅದಕ್ಕೇ ಹೋಯ್ತು.

ಪುಸ್ತಕದ ಮೇಲೆ ಹಾಡಿದವಳ ಹೆಸರು

ನಾಗೇಗೌಡರ ಸಂಗ್ರಹಗಳಲ್ಲಿ ಒಂದರ ಹೆಸರು ಸೋಬಾನೆ ಚಿಕ್ಕಮ್ಮನ ಪದಗಳು. ಹೆಸರನ್ನ ಸ್ವಲ್ಪ ಗಮನ ಇಟ್ಟು ನೋಡಿ. ಸಂಗ್ರಹ ಮಾಡಿದವರು ಐಎಎಸ್ ಅಧಿಕಾರಿ. ಹಾಡಿದವರು ಹಳ್ಳಿಯ ಹೆಣ್ಣುಮಗಳು. ಪುಸ್ತಕದ ತಲೆಬರಹದಲ್ಲಿ ಇರೋದು ಹಾಡಿದವರ ಹೆಸರು. ಪದಗಳು ಚಿಕ್ಕಮ್ಮನವು ಅಂತ ಮುಖಪುಟದಲ್ಲೇ ಒಪ್ಪಿಕೊಂಡ ಹಾಗೆ.

ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಜನಪದ ಹಾಡುಗಳ ವಿಷಯದಲ್ಲಿ ಎಷ್ಟೋ ಸಲ ಹಾಡಿದವರ ಹೆಸರೇ ಇರಲ್ಲ. ಜನಪದಕ್ಕೆ ಕರ್ತೃ ಇಲ್ಲ, ಅದು ಎಲ್ಲರದ್ದು ಅನ್ನೋ ಮಾತು ನಿಜವೇ. ಆ ಮಾತಿನ ಮರೆಯಲ್ಲೇ ಹಾಡಿದ ಅಜ್ಜಿ ಹೆಸರೂ ಬಿಟ್ಟುಹೋಗುತ್ತೆ. ಯಾರೋ ಹಾಡಿದರು, ಇನ್ಯಾರೋ ಬರೆದುಕೊಂಡರು, ಮತ್ಯಾರೋ ಸಿನಿಮಾಗೆ ಹಾಕಿಕೊಂಡರು. ಸಾವಿರ ಪದ ನೆನಪಿಟ್ಟುಕೊಂಡ ತಲೆಗೆ ಬಂದದ್ದು ಒಂದು ಬಾಳೆಹಣ್ಣು, ಒಂದು ತಾಂಬೂಲ.

ಈ ದಾರಿಯಲ್ಲಿ ನಾಗೇಗೌಡರೇ ಮೊದಲಿಗರಲ್ಲ, ಅದನ್ನೂ ಹೇಳಬೇಕು. ಬಿಜಾಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲೇ ಗರತಿಯ ಹಾಡು ತಂದಿದ್ದರು. ಇನ್ನು ನಮ್ಮ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಬಂಡಿಹೊಳೆಯಲ್ಲಿ ಅರ್ಚಕ ಬಿ. ರಂಗಸ್ವಾಮಿ ಅನ್ನುವವರು ತಮ್ಮ ಹುಟ್ಟೂರಿನ ಬದುಕು, ಹಾಡು ಎಲ್ಲವನ್ನೂ ಸೇರಿಸಿ 1933ರಲ್ಲೇ ಹುಟ್ಟಿದ ಹಳ್ಳಿ ಹಳ್ಳಿಯ ಹಾಡು ಅಂತ ಪುಸ್ತಕ ಮಾಡಿದರು. ಆಗ ನಾಗೇಗೌಡರಿಗೆ 18 ವರ್ಷ.

ನಮ್ಮದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರೂ ಇದೇ ಕೆಲಸಕ್ಕೆ ಜೀವ ತೇಯ್ದವರು. ಮೈಸೂರು ವಿಶ್ವವಿದ್ಯಾನಿಲಯದ ಕಡೆಯಿಂದ ದೊಡ್ಡ ದೊಡ್ಡ ಜನಪದ ಕಾವ್ಯಗಳನ್ನ ಸಂಗ್ರಹಿಸಿದರು. ಒಬ್ಬರು ಮೇಷ್ಟ್ರು, ಒಬ್ಬರು ಸಾಹೇಬರು. ಕನ್ನಡದ ಜನಪದಕ್ಕೆ ಎರಡು ದೊಡ್ಡ ಹೆಸರು ಒಂದೇ ತಾಲ್ಲೂಕಿನಿಂದ ಹೋದವು. ನಾಗಮಂಗಲ ಅಂದರೆ ಸೌಮ್ಯಕೇಶವ ದೇವಸ್ಥಾನ, ಹಿತ್ತಾಳೆ ಪಾತ್ರೆ, ಆದಿಚುಂಚನಗಿರಿ ಅಂತ ಹೇಳುವಾಗ ಈ ಎರಡು ಹೆಸರನ್ನೂ ಸೇರಿಸಿಕೊಂಡರೆ ತಪ್ಪಿಲ್ಲ.

ಟೇಪಿನ ಕಷ್ಟ

ಮೊದಲು ಸಂಗ್ರಹ ಅಂದರೆ ಕೇಳಿ ಬರೆದುಕೊಳ್ಳೋದು. ಹಾಡುವವರು ಹಾಡ್ತಾ ಹೋಗ್ತಾರೆ, ಬರೆಯುವವನ ಕೈ ಓಡಲ್ಲ. ನಿಲ್ಲಿಸಿ, ಇನ್ನೊಂದು ಸಲ ಹೇಳಿ ಅಂದರೆ ಹಾಡಿನ ಓಟ ಕಡಿದುಹೋಗುತ್ತೆ. ಹಾಡಿ ರೂಢಿ ಇರುವವರಿಗೆ ಬರೀ ಮಾತಿನಲ್ಲಿ ಸಾಲು ಹೇಳಿ ಅಂದರೆ ಬರೋದೂ ಇಲ್ಲ. ಧಾಟಿ ಹಿಡಿದರೇ ಪದ ನೆನಪಿಗೆ ಬರೋದು. ಪುಸ್ತಕಕ್ಕೆ ಅಕ್ಷರ ಬಂತು, ದನಿ ಬರಲಿಲ್ಲ.

ಟೇಪ್ ರೆಕಾರ್ಡರ್ ಬಂದಮೇಲೆ ಈ ಕಷ್ಟ ತಪ್ಪಿತು, ಬೇರೆ ಕಷ್ಟ ಶುರುವಾಯ್ತು. ಆಗಿನ ಯಂತ್ರ ಭಾರ. ಎಷ್ಟೋ ಹಳ್ಳಿಗಳಲ್ಲಿ ಕರೆಂಟಿಲ್ಲ. ಬ್ಯಾಟರಿ ಸೆಲ್ಲು ಇಳಿದರೆ ಟೇಪಿನ ವೇಗ ಇಳಿಯುತ್ತೆ, ಆಮೇಲೆ ಕೇಳಿದರೆ ಹಾಡಿದವರ ದನಿಯೇ ಬೇರೆ ಕೇಳುತ್ತೆ. ಕ್ಯಾಸೆಟ್ ಒಂದು ಬದಿ ಮುಗಿದು ತಿರುಗಿಸಿ ಹಾಕುವಷ್ಟರಲ್ಲಿ ಕತೆಯ ಒಂದು ತುಂಡು ಹೋಗಿರುತ್ತೆ. ರಾತ್ರಿ ಇಡೀ ಹಾಡುವ ಮಂಟೇಸ್ವಾಮಿ ಕತೆಗೆ ಎಷ್ಟು ಕ್ಯಾಸೆಟ್ ಬೇಕು ಅಂತ ಕ್ಯಾಸೆಟ್ ಅಂಗಡಿ ಇಟ್ಟಿದ್ದವರನ್ನ ಕೇಳಿ, ಹೇಳ್ತಾರೆ.

ರೆಕಾರ್ಡ್ ಮಾಡಿದ ಮೇಲೂ ಕೆಲಸ ಮುಗಿಯಲ್ಲ. ಒಂದು ಗಂಟೆಯ ಹಾಡನ್ನ ಕೇಳಿ ಕೇಳಿ ಅಕ್ಷರಕ್ಕೆ ಇಳಿಸೋಕೆ ದಿನಗಟ್ಟಲೆ ಬೇಕು. ಟೇಪಿನ ಮೇಲೆ ಹಾಡಿದವರ ಹೆಸರು, ಊರು, ತಾರೀಕು ಬರೆದಿಡಬೇಕು. ಬರೆಯದೆ ಬಿಟ್ಟರೆ ಹತ್ತು ವರ್ಷದ ಮೇಲೆ ಅದು ಯಾರ ದನಿ ಅಂತ ಹೇಳೋರು ಸಿಗಲ್ಲ. ಟೇಪಿಗೆ ಧೂಳು ಆಗಲ್ಲ, ಸೆಖೆ ಆಗಲ್ಲ, ತೇವ ಆದರೆ ಬೂಷ್ಟು ಹಿಡಿಯುತ್ತೆ. ಅಂಗಡಿಯ ಹಳೇ ಲೆಕ್ಕದ ಪುಸ್ತಕ ಮೂಲೆಯಲ್ಲಿ ಬಿದ್ದಿದ್ದರೂ ಓದಬಹುದು. ಟೇಪು ಹಂಗಲ್ಲ. ಅದನ್ನ ಓಡಿಸುವ ಯಂತ್ರವೂ ಬದುಕಿರಬೇಕು.

ಇದಕ್ಕೆಲ್ಲ ದುಡ್ಡು ಬೇಕು, ಜನ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮನೆ ಬೇಕು. ಒಬ್ಬ ಮನುಷ್ಯ ತನ್ನ ಮನೆಯ ಬೀರುವಿನಲ್ಲಿ ಇಟ್ಟುಕೊಂಡರೆ ಅವನ ಕಾಲ ಮುಗಿದ ಮೇಲೆ ಅದು ಗುಜರಿಗೆ ಹೋಗುತ್ತೆ. ನಾಗೇಗೌಡರು ಆಮೇಲೆ ಮಾಡಿದ್ದೆಲ್ಲ ಇಂಥದ್ದೊಂದು ಮನೆ ಕಟ್ಟುವ ಕೆಲಸ.

ರಿಟೈರ್ ಆದಮೇಲೆ ಶುರುವಾದ ನೌಕರಿ

1973ರಲ್ಲಿ ನಾಗೇಗೌಡರು ಸರ್ಕಾರಿ ಸೇವೆಯಿಂದ ನಿವೃತ್ತರಾದರು. ವಯಸ್ಸು 58. ಪಿಂಚಣಿ ಬರುತ್ತೆ, ಪುಸ್ತಕ ಬರೆದ ಹೆಸರಿದೆ. ಆರಾಮಾಗಿ ಇರಬಹುದಿತ್ತು. ವಿಧಾನ ಪರಿಷತ್ ಸದಸ್ಯರೂ ಆದರು.

1979ರಲ್ಲಿ, 64ನೇ ವಯಸ್ಸಿನಲ್ಲಿ, ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಕನ್ನಡ ಸಾಹಿತ್ಯಕ್ಕೆ 1915ರಿಂದಲೇ ಸಾಹಿತ್ಯ ಪರಿಷತ್ತು ಇದೆ. ಲೆಕ್ಕ ನೋಡಿದರೆ ಅದೂ ನಾಗೇಗೌಡರೂ ಒಂದೇ ವರ್ಷದವರು. ಬರೆಯುವವರಿಗೆ ಒಂದು ಮನೆ ಇತ್ತು. ಹಾಡುವವರಿಗೆ, ಕುಣಿಯುವವರಿಗೆ, ಕತೆ ಹೇಳುವವರಿಗೆ ಅಂಥ ಮನೆ ಇರಲಿಲ್ಲ. ಜಾನಪದ ಪರಿಷತ್ತು ಬಂದದ್ದು ಆ ಜಾಗಕ್ಕೆ.

ಪರಿಷತ್ತಿನಿಂದ ಹಾಡು, ಕತೆ, ಕುಣಿತಗಳ ದಾಖಲಾತಿ ನಡೀತು. ದನಿ ಟೇಪಿನಲ್ಲಿ, ಕುಣಿತ ವಿಡಿಯೋದಲ್ಲಿ. ಪುಸ್ತಕಗಳು ಬಂದವು, ಜಾನಪದ ಜಗತ್ತು ಅನ್ನೋ ಪತ್ರಿಕೆ ಬಂತು. ಹೆಳವರ ಕಾವ್ಯಗಳ ಮೇಲೂ ನಾಗೇಗೌಡರು ಕೆಲಸ ಮಾಡಿದರು. ಊರೂರಿನ ಮನೆತನಗಳ ಚರಿತ್ರೆ ನೆನಪಿಟ್ಟುಕೊಂಡವರ ಕಾವ್ಯ ಅದು. ಚರಿತ್ರೆ ಅಂದರೆ ರಾಜರದ್ದು ಮಾತ್ರ ಅಲ್ಲ, ಹಳ್ಳಿಯ ಒಂದು ಮನೆಗೂ ಚರಿತ್ರೆ ಇದೆ ಅಂತ ಹೆಳವರಿಗೆ ಯಾವಾಗಲೋ ಗೊತ್ತಿತ್ತು.

ಅಷ್ಟರಲ್ಲಿ ಹಳ್ಳಿಯೂ ಬದಲಾಗ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು. ಹೆಂಗಸರ ರಟ್ಟೆಗೆ ಸುಖ ಆಯ್ತು, ಅದು ಒಳ್ಳೇದೇ. ಆದರೆ ಕಲ್ಲಿನ ಜೊತೆ ಇದ್ದ ಪದಕ್ಕೆ ಜಾಗ ಹೋಯ್ತು. ಗಿರಣಿ ಸದ್ದಿನಲ್ಲಿ ಯಾರು ಹಾಡ್ತಾರೆ? ರೇಡಿಯೋ ಬಂತು, ಟೀವಿ ಬಂತು, ಮದುವೆಗೆ ಛತ್ರ ಬಂತು, ಛತ್ರಕ್ಕೆ ಆರ್ಕೆಸ್ಟ್ರಾ ಬಂತು. ಸೋಬಾನೆ ಹೇಳುವ ಅಜ್ಜಿಯರನ್ನ ಮೈಕಿನ ಹತ್ತಿರ ಕರೆಯೋರು ಕಮ್ಮಿ ಆದರು. ಯಾರನ್ನೂ ಬೈಯುವ ವಿಷಯ ಇದಲ್ಲ. ಕೆಲಸ ಹೋದರೆ ಕೆಲಸದ ಹಾಡೂ ಹೋಗುತ್ತೆ. ಹೋಗುವ ಮೊದಲು ಅದರ ದನಿ ಹಿಡಿದಿಟ್ಟುಕೊಳ್ಳೋಕೆ ಸಿಗೋದು ಒಂದೇ ತಲೆಮಾರಿನ ಕಾಲ. ಪರಿಷತ್ತು ಓಡುತ್ತಿದ್ದದ್ದು ಆ ಗಡಿಯಾರದ ಜೊತೆ.

15 ಎಕರೆಯ ಲೋಕ

ರಾಮನಗರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ 15 ಎಕರೆ ಜಾಗ ಸಿಕ್ಕಿತು. ಸುತ್ತ ಬಂಡೆ ಬೆಟ್ಟಗಳ ಸೀಮೆ. ಅಲ್ಲಿ 1994ರಲ್ಲಿ ಜಾನಪದ ಲೋಕ ಬಾಗಿಲು ತೆರೆಯಿತು. ಆಗ ನಾಗೇಗೌಡರಿಗೆ 79 ವರ್ಷ. ನಮ್ಮ ಕಡೆ ಆ ವಯಸ್ಸಿಗೆ ಜಗಲಿ ಮೇಲೆ ಕೂತು ಮೊಮ್ಮಕ್ಕಳನ್ನ ನೋಡಿಕೊಳ್ತಾರೆ.

ಒಳಗೆ ಹೋದರೆ ಲೋಕಮಹಲ್, ಚಿತ್ರಕುಟೀರ, ಆಯಗಾರ ಮಾಳ, ಶಿಲ್ಪಮಾಳ ಅಂತ ಭಾಗಗಳಿವೆ. ಹೆಸರುಗಳೇ ಹಳ್ಳಿ ಕಡೆಯವು. ಲೋಕಮಹಲ್‌ನಲ್ಲಿ ಬೇಸಾಯದ ಸಾಮಾನು, ಅಡಿಗೆಮನೆ ಸಾಮಾನು, ಅಳತೆಯ ಸೇರು ಪಾವು, ತೊಗಲು ಗೊಂಬೆ, ಕುಣಿತದ ವೇಷ, ವಾದ್ಯ. ಚಿತ್ರಕುಟೀರದಲ್ಲಿ ಕಲಾವಿದರ, ಹಳ್ಳಿ ಬದುಕಿನ ಫೋಟೋಗಳು. ಆಯಗಾರ ಮಾಳದಲ್ಲಿ ಗಾಣ, ಗಾಡಿ ಥರದ ಕಸುಬಿನ ದೊಡ್ಡ ಸಾಮಾನು. ಶಿಲ್ಪಮಾಳದಲ್ಲಿ ವೀರಗಲ್ಲು ಥರದ ಕಲ್ಲುಗಳು. ಬಯಲು ರಂಗಮಂದಿರವೂ ಇದೆ.

ಆಯಗಾರ ಅನ್ನೋ ಪದ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ ಹೀಗೆ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದವರು. ಇವತ್ತು ಟಿ.ಬಿ. ಬಡಾವಣೆಯಲ್ಲೋ ಸಂತೆ ಬೀದಿಯಲ್ಲೋ ಅಂಗಡಿ ಇಟ್ಟಿರುವ ಎಷ್ಟೋ ಮನೆಗಳ ತಾತ, ಮುತ್ತಾತಂದಿರು ಇಂಥವರೇ. ಅವರ ಕೈಯ ಉಳಿ, ತಿಗುರಿ, ತಿದಿ ವಸ್ತು ಸಂಗ್ರಹಾಲಯಕ್ಕೆ ಸೇರುವ ವಸ್ತು ಅಂತ ಅರಮನೆ ನೋಡಿ ಬಂದವರಿಗೆ ಅನ್ನಿಸೋದು ಕಷ್ಟ. ನಾಗೇಗೌಡರಿಗೆ ಅನ್ನಿಸಿತು. ಜನ ಹಳೇ ಮನೆ ಕೆಡವುವಾಗ ಅಟ್ಟದಿಂದ ಕೆಳಗೆ ಎಸೆದ ಸಾಮಾನು ಅಲ್ಲಿ ಗಾಜಿನ ಹಿಂದೆ ಮರ್ಯಾದೆಯಿಂದ ಕೂತಿದೆ.

ಸಾಮಾನು ಕಣ್ಣಿಗೆ ಕಾಣುತ್ತೆ, ಜನ ಫೋಟೋ ಹೊಡ್ಕೋತಾರೆ. ಧ್ವನಿಮುದ್ರಿಕೆ ಕಾಣಲ್ಲ. ಆದರೆ ಆ ಸಾಮಾನಿಗೆ ಜೀವ ಇರೋದು ದನಿಯಲ್ಲೇ. ಬೀಸುವ ಕಲ್ಲು ಕಲ್ಲಾಗಿ ನೋಡಿದರೆ ಕಲ್ಲು. ಅದನ್ನ ತಿರುಗಿಸುತ್ತಾ ತವರುಮನೆ ನೆನೆಸಿಕೊಂಡ ಹೆಣ್ಣಿನ ಪದ ಕೇಳಿದರೆ ಆ ಕಲ್ಲು ಯಾಕೆ ಅಷ್ಟು ಸವೆದಿದೆ ಅಂತ ಗೊತ್ತಾಗುತ್ತೆ.

ಇಲ್ಲಿ ಒಂದು ತಕರಾರೂ ಇದೆ, ಅದನ್ನ ಮುಚ್ಚಿಡಬೇಕಾಗಿಲ್ಲ. ಹಾಡನ್ನ ಟೇಪಿನಲ್ಲಿ ಹಾಕಿದರೆ, ಕುಣಿತವನ್ನ ವೇದಿಕೆಗೆ ತಂದರೆ ಅದು ಇನ್ನೂ ಜನಪದವೇ ಅಂತ ಕೇಳೋರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಸೋಮನ ಕುಣಿತಕ್ಕೆ ಊರ ದೇವರು ಬೇಕು, ಸೋಬಾನೆಗೆ ಮದುವಣಗಿತ್ತಿ ಬೇಕು. ಎರಡೂ ಇಲ್ಲದ ಕಡೆ ಉಳಿಯೋದು ನೆರಳು. ಜಾನಪದ ಲೋಕ ಇದಕ್ಕೆ ಕೊಟ್ಟ ಉತ್ತರ ಏನಂದರೆ, ಬರೀ ಸಂಗ್ರಹಾಲಯ ಆಗಿ ಕೂರಲಿಲ್ಲ. ಕಲಾವಿದರನ್ನ ಕರೆಸಿ ಆಡಿಸಿತು, ಹಾಡಿಸಿತು, ಹುಡುಗರಿಗೆ ತರಬೇತಿ ಕೊಟ್ಟಿತು, ಲೋಕೋತ್ಸವ ನಡೆಸಿತು. ನೆರಳಾದರೂ ಉಳಿದರೆ, ಕಲಿಯಬೇಕು ಅಂತ ಮುಂದೆ ಬರುವ ಹುಡುಗನಿಗೆ ಹಿಡಿದುಕೊಳ್ಳೋಕೆ ಏನಾದರೂ ಇರುತ್ತೆ. ಅದೂ ಇಲ್ಲದಿದ್ದರೆ ಅವನು ಯಾರನ್ನ ಕೇಳಬೇಕು?

ಮುಧೋಳದ ಅಧ್ಯಕ್ಷತೆ

1995ರಲ್ಲಿ ಮುಧೋಳದಲ್ಲಿ 64ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಅದರ ಅಧ್ಯಕ್ಷರು ನಾಗೇಗೌಡರು. ಮುಧೋಳ ಅಂದರೆ ರನ್ನ ಕವಿಯ ಊರು. ಹಳಗನ್ನಡದ ದೊಡ್ಡ ಕವಿ ಹುಟ್ಟಿದ ನೆಲದಲ್ಲಿ, ಅಕ್ಷರ ಇಲ್ಲದವರ ಹಾಡು ಹುಡುಕಿಕೊಂಡು ತಿರುಗಿದ ಮನುಷ್ಯ ಅಧ್ಯಕ್ಷರ ಪೀಠದಲ್ಲಿ ಕೂತರು. ಮೆರವಣಿಗೆ, ಹಾರ, ಪೇಟ ಎಲ್ಲಾ ಅವರಿಗೆ ಸಂದದ್ದು ಹೌದು. ಅದರಲ್ಲಿ ಒಂದು ಪಾಲು ಸೋಬಾನೆ ಚಿಕ್ಕಮ್ಮನಂಥವರಿಗೂ ಸೇರಬೇಕು.

ಅದಾದ ಮೇಲೂ ಹತ್ತು ವರ್ಷ ಬದುಕಿದರು. 2005ರ ಸೆಪ್ಟೆಂಬರ್ 22ರಂದು ತೀರಿಕೊಂಡರು. 90 ವರ್ಷ ತುಂಬಿತ್ತು. ನಿವೃತ್ತಿ ಆದಮೇಲೆ 32 ವರ್ಷ. ಇವತ್ತು ಜನ ನಾಗೇಗೌಡರನ್ನ ನೆನೆಸಿಕೊಳ್ಳೋದು ಬಹುಪಾಲು ಈ 32 ವರ್ಷದ ಕೆಲಸಕ್ಕೆ. ಸರ್ಕಾರ ಕೊಟ್ಟ ಕುರ್ಚಿಯಲ್ಲಿ ಯಾರು ಯಾವಾಗ ಕೂತಿದ್ದರು ಅಂತ ಕಚೇರಿಯ ಗೋಡೆ ಮೇಲಿನ ಹಲಗೆಯಲ್ಲಿ ಬರೆದಿರುತ್ತೆ, ಓದೋರು ಕಮ್ಮಿ.

ಅವರು ಹೋದಮೇಲೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ಹಳ್ಳಿ ಹಾಡಿಗೆ ವಿಶ್ವವಿದ್ಯಾಲಯ ಅಂದರೆ 1915ರ ಹೆರಗನಹಳ್ಳಿಯಲ್ಲಿ ನಗ್ತಿದ್ದರೇನೋ.

ಈಗ ಯಾರ ಕೈಯಲ್ಲಿದೆ

ಟೇಪಿನ ಕಾಲ ಮುಗೀತು. ಹಳೇ ಟೇಪುಗಳನ್ನ ಕಂಪ್ಯೂಟರಿಗೆ ಇಳಿಸದೆ ಬಿಟ್ಟರೆ, ಎಲ್ಲೇ ಇರಲಿ, ಯಾರ ಹತ್ತಿರವೇ ಇರಲಿ, ಅವು ತಾವಾಗೇ ಸಾಯ್ತವೆ. ಇಳಿಸಿದ ಮೇಲೂ ಒಂದೇ ಕಡೆ ಇಟ್ಟರೆ ಹಾರ್ಡ್ ಡಿಸ್ಕ್ ಕೆಟ್ಟ ದಿನ ಎಲ್ಲಾ ಹೋಗುತ್ತೆ. ಎರಡು ಮೂರು ಕಡೆ ನಕಲು ಇಡಬೇಕು, ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಅಂಗಡಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಇಟ್ಟವರಿಗೆ ಈ ಕಷ್ಟ ಹೊಸದಲ್ಲ.

ಇನ್ನೊಂದು ಕಡೆ, ನಾಗೇಗೌಡರ ಕಾಲದಲ್ಲಿ ಯಂತ್ರ ಹೊತ್ತುಕೊಂಡು ಹೋಗಿ ಮಾಡಬೇಕಿದ್ದ ಕೆಲಸಕ್ಕೆ ಈಗ ಜೇಬಿನಲ್ಲಿರುವ ಫೋನು ಸಾಕು. ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಸೋಬಾನೆ ಪದ ಬರುವ ಒಬ್ಬ ಅಜ್ಜಿ ಇನ್ನೂ ಸಿಗಬಹುದು. ಮಾರ್ಕೋನಹಳ್ಳಿ ಡ್ಯಾಂ ಕಟ್ಟಿದ ಕಾಲದ ಮಾತು ತಮ್ಮ ಅಪ್ಪನ ಬಾಯಿಂದ ಕೇಳಿದ ತಾತ ಸಿಗಬಹುದು. ಸಂತೆಗೆ ಗಾಡಿ ಕಟ್ಟಿಕೊಂಡು ಬರ್ತಿದ್ದ ದಿನಗಳಲ್ಲಿ ಅಂಗಡಿ ಬೀದಿ ಹೆಂಗಿತ್ತು ಅಂತ ಹೇಳುವ ಹಳೇ ವರ್ತಕರು ಇನ್ನೂ ಗಲ್ಲಾ ಪಕ್ಕದಲ್ಲಿ ಕೂತಿದ್ದಾರೆ. ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಕೇಳಿದರೆ ಹೇಳ್ತಾರೆ.

ರೆಕಾರ್ಡ್ ಮಾಡೋಕೆ ಮುಂಚೆ ಅವರನ್ನ ಒಂದು ಮಾತು ಕೇಳಬೇಕು. ಮಾಡಿದ ಮೇಲೆ ಅವರ ಹೆಸರು, ಊರು, ತಾರೀಕು ಬರೆದಿಡಬೇಕು. ಕಷ್ಟದ ಕೆಲಸ ಇಷ್ಟೇ. ಹೆಸರಿಲ್ಲದ ದನಿ ನಾಳೆ ಯಾರದ್ದೂ ಅಲ್ಲದ ದನಿ ಆಗುತ್ತೆ. ಹೆಸರು ಬರೆದಿಟ್ಟ ಒಬ್ಬರ ದೆಸೆಯಿಂದ ಚಿಕ್ಕಮ್ಮ ಅನ್ನುವ ಹೆಣ್ಣುಮಗಳು ಇವತ್ತಿಗೂ ಕನ್ನಡದ ಗ್ರಂಥಾಲಯಗಳಲ್ಲಿ ಇದ್ದಾರೆ.

ಜಾನಪದ ಲೋಕ ನೋಡಬೇಕು ಅನ್ನೋರು ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗದೆ ಚನ್ನಪಟ್ಟಣದ ಹತ್ತಿರ ಹಳೇ ರಸ್ತೆಗೆ ಇಳಿಯಬೇಕು. ರಾಮನಗರಕ್ಕೆ ಸ್ವಲ್ಪ ಮೊದಲು ಸಿಗುತ್ತೆ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಗಾಜಿನ ಹಿಂದಿರುವ ಸಾಮಾನು ನೋಡಿ, ಇದು ನಮ್ಮ ಮನೇಲೂ ಇತ್ತು ಅಂತ ಅವರು ಮಾತು ಶುರು ಮಾಡ್ತಾರೆ. ಆಗ ಫೋನು ಜೇಬಿನಿಂದ ಹೊರಗೆ ತೆಗೀರಿ.